ನಾಣ್ಯದ ಆಲ್ಬಮ್ ತೆರೆಯಲು ಮನಸ್ಸೇ ಬರುತ್ತಿಲ್ಲ, ಮಾರಿಬಿಡಲೇ?

ಪ್ರಶ್ನೆ: ನನಗೆ 43 ವರ್ಷ. ಹನ್ನೊಂದು ವರ್ಷದಿಂದ ನಾಣ್ಯ ಸಂಗ್ರಹಿಸುತ್ತಿದ್ದೇನೆ. ದೇಶಕ್ಕೆ ಒಂದಾದರೂ ನಾಣ್ಯ ಇರಬೇಕು ಅನ್ನೋದು ನನ್ನ ಗುರಿ. ಮೊದಮೊದಲು ಎಂಥ ಹುಚ್ಚು ಅಂದರೆ, ರಾತ್ರಿ ಎರಡು ಗಂಟೆವರೆಗೂ ಆನ್‌ಲೈನ್ ಹರಾಜು ನೋಡುತ್ತಾ ಕೂತಿರುತ್ತಿದ್ದೆ. ಈಗ ಹದಿನೈದು-ಇಪ್ಪತ್ತು ದೇಶಗಳಷ್ಟೇ ಬಾಕಿ. ಆದರೆ ಒಂದೂವರೆ ವರ್ಷದಿಂದ ಆಲ್ಬಮ್ ಮುಟ್ಟಿಲ್ಲ. ಕೊನೆಯಲ್ಲಿ ತರಿಸಿದ ಎರಡು ಲಕೋಟೆ ಇನ್ನೂ ಒಡೆದಿಲ್ಲ. ಮೊನ್ನೆ ಸುಮ್ನೆ ಆಲ್ಬಮ್ ತೆಗೆದು ನೋಡಿದರೆ ಕೆಲವು ನಾಣ್ಯಗಳ ಮೇಲೆ ಹಸಿರು ಅಂಟು ಕೂತಿದೆ. ನನ್ನ ಗೆಳೆಯರೊಬ್ಬರು, "ಈ ಹುಚ್ಚು ಯಾರಿಗೂ ಏಳು ವರ್ಷದ ಮೇಲೆ ಇರಲ್ಲ, ಬೆಲೆ ಇದ್ದಾಗಲೇ ಮಾರಿಬಿಡು" ಅಂತಾರೆ. ನನ್ನದು ನಿಜವಾದ ಆಸಕ್ತಿಯೇ ಆಗಿರಲಿಲ್ಲವೇ? ಮಾರಲೇ, ಮಕ್ಕಳಿಗೆ ಕೊಡಲೇ, ಕಾಯಲೇ?

ಉತ್ತರ: ಮೊದಲು ಅವಸರದ ವಿಷಯ. ಆ ಹಸಿರು ಅಂಟನ್ನು ಬೆರಳಿನಿಂದಾಗಲಿ ಬಟ್ಟೆಯಿಂದಾಗಲಿ ಒರೆಸಬೇಡಿ. ಸದ್ಯಕ್ಕೆ ಅಂಥ ನಾಣ್ಯಗಳನ್ನು ಆಲ್ಬಮ್‌ನಿಂದ ತೆಗೆದು ಬೇರೆ ಕಡೆ ಇಡಿ, ಅಷ್ಟು ಸಾಕು. ಮುಂದೇನು ಮಾಡಬೇಕು ಅಂತ ಕೆಳಗೆ ಹೇಳುತ್ತೇನೆ.

ಈಗ ನಿಮ್ಮ ಚಿಂತೆಗೆ ಬರೋಣ. ಮಾರಲೇ, ಕೊಡಲೇ, ಕಾಯಲೇ ಅಂತ ಕೇಳಿದ್ದೀರಿ. ಆದರೆ ಪತ್ರ ಓದಿದಾಗ ನನಗೆ ಕೇಳಿಸಿದ್ದು ಬೇರೆ ಪ್ರಶ್ನೆ. ಇಷ್ಟು ವರ್ಷ ಹಚ್ಚಿಕೊಂಡಿದ್ದು ಹೀಗೆ ಸದ್ದಿಲ್ಲದೆ ಮನಸ್ಸಿನಿಂದ ಇಳಿದುಹೋದರೆ ಆ ವರ್ಷಗಳೆಲ್ಲ ಸುಳ್ಳಾ? ಸಂಗ್ರಹಗಳಿಗೆ ಬೆಲೆ ಕಟ್ಟೋದು, ಅವನ್ನು ಸರಿಯಾಗಿ ಇಡೋದು ಹೇಗೆ ಅಂತ ಹೇಳಿಕೊಡೋದು, ಬೇಡ ಅಂದವರಿಗೆ ಮಾರಿಸಿಕೊಡೋದು ನನ್ನ ಕೆಲಸ. ಹಾಗಾಗಿ ಈ ಪ್ರಶ್ನೆ ಬೇರೆ ಬೇರೆ ಬಾಯಿಂದ ಕೇಳುತ್ತಲೇ ಇರುತ್ತೇನೆ. ಸುಳ್ಳಲ್ಲ ಅಂತ ಖಂಡಿತ ಹೇಳಬಲ್ಲೆ. ನನ್ನ ಅನುಭವದಲ್ಲಿ ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಮುಗಿದಿರೋದು ಒಂದು ನಿರ್ದಿಷ್ಟ ಹುಡುಕಾಟ, ನಿಮ್ಮ ವಿಷಯದಲ್ಲಿ "ದೇಶಕ್ಕೊಂದು" ಅನ್ನೋ ಹುಡುಕಾಟ. ನಾಣ್ಯದ ಮೇಲಿನ ಪ್ರೀತಿ ಅದರ ಜೊತೆಗೇ ಮುಗಿದಿದೆಯಾ ಅನ್ನೋದನ್ನು ಈ ಬೇಸರದ ನಡುವೆ ಕೂತು ತೀರ್ಮಾನಿಸೋಕೆ ಆಗಲ್ಲ.

ಏಳು ವರ್ಷದ ಲೆಕ್ಕಕ್ಕೆ ಯಾವ ಆಧಾರವೂ ಇಲ್ಲ. ಅಮೆರಿಕದ ಎರಿಕ್ ನ್ಯೂಮನ್ ಅವರಿಗೆ ಏಳು ವರ್ಷದ ಹುಡುಗನಾಗಿದ್ದಾಗ ಅಜ್ಜ 1859ರ ಒಂದು ಸೆಂಟ್ ನಾಣ್ಯ ಕೊಟ್ಟರು. ಅವರು ತೀರಿಕೊಂಡಿದ್ದು 2017ರಲ್ಲಿ, 106ನೇ ವಯಸ್ಸಿನಲ್ಲಿ. ನಡುವಿನ ಅಷ್ಟೂ ಕಾಲ ನಾಣ್ಯ, ಹಳೆಯ ನೋಟು ಅಂತಲೇ ಬದುಕಿದರು. ಇಟಲಿಯ ದೊರೆ ಮೂರನೇ ವಿಕ್ಟರ್ ಇಮ್ಯಾನುಯೆಲ್ ಕೂಡ ಚಿಕ್ಕಂದಿನಲ್ಲೇ ಶುರು ಮಾಡಿದವರು. 1946ರಲ್ಲಿ ದೇಶ ಬಿಟ್ಟು ಹೋಗುವಾಗ ಒಂದು ಲಕ್ಷಕ್ಕೂ ಜಾಸ್ತಿ ನಾಣ್ಯಗಳ ಸಂಗ್ರಹವನ್ನು ದೇಶಕ್ಕೇ ಬಿಟ್ಟುಕೊಟ್ಟರು. ಇದಕ್ಕೆ ತದ್ವಿರುದ್ಧವಾಗಿ, ಮೂರು ತಿಂಗಳಲ್ಲಿ ಆಲ್ಬಮ್, ಭೂತಗನ್ನಡಿ, ಕ್ಯಾಟಲಾಗ್ ಎಲ್ಲ ಕೊಂಡು ನಾಲ್ಕನೇ ತಿಂಗಳು ಮರೆತವರೂ ಬೇಕಾದಷ್ಟು ಜನ ಇದ್ದಾರೆ. ಇವೆರಡರ ನಡುವೆ ಸರಾಸರಿ ತೆಗೆದರೆ ಬರುವ ಅಂಕಿಯಿಂದ ನಿಮಗೆ ಏನೂ ಗೊತ್ತಾಗಲ್ಲ.

ಜೊತೆಗೆ ಇನ್ನೊಂದು ಮಾತು ಚಲಾವಣೆಯಲ್ಲಿದೆ: ನಿಜವಾದ ಸಂಗ್ರಾಹಕನಿಗೆ ಬೇಸರ ಅನ್ನೋದೇ ಬರಲ್ಲ ಅಂತ. ಇದು ಗೆಳೆಯರ ಮಾತಿಗಿಂತ ಜಾಸ್ತಿ ಹಾನಿ ಮಾಡುತ್ತದೆ, ಯಾಕೆಂದರೆ ಜನ ಇದನ್ನು ನಂಬಿ ತಮ್ಮನ್ನೇ ಹಳಿದುಕೊಳ್ಳುತ್ತಾರೆ. ನಾನು ನೋಡಿದ ಹಳೆಯ ಸಂಗ್ರಾಹಕರಲ್ಲಿ ಬಹುತೇಕರ ಬದುಕಿನಲ್ಲಿ ಖಾಲಿ ವರ್ಷಗಳಿವೆ. ಹತ್ತನೇ ವಯಸ್ಸಿನಲ್ಲಿ ಡಬ್ಬಿಯಲ್ಲಿ ಕೂಡಿಟ್ಟಿದ್ದು, ಓದು, ಕೆಲಸ, ಮದುವೆ, ಚಿಕ್ಕ ಮಕ್ಕಳು ಅಂತ ಹದಿನೈದು-ಇಪ್ಪತ್ತು ವರ್ಷ ಮುಟ್ಟದೆ ಇದ್ದಿದ್ದು, ನಲವತ್ತರ ಆಸುಪಾಸಿನಲ್ಲಿ ಯಾವುದೋ ಕಪಾಟು ಸ್ವಚ್ಛ ಮಾಡುವಾಗ ಆ ಡಬ್ಬಿ ಕೈಗೆ ಸಿಕ್ಕಿ ಮತ್ತೆ ಶುರುವಾಗಿದ್ದು, ಆಮೇಲೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲದೆ ಮತ್ತೆ ನಿಂತಿದ್ದು. ಹೀಗೇ ಸಾಗುತ್ತದೆ. ನಿಮ್ಮ ಒಂದೂವರೆ ವರ್ಷ ಆ ಲೆಕ್ಕದಲ್ಲಿ ದೊಡ್ಡದೇನಲ್ಲ.

ಹಾಗಾದರೆ ಉತ್ಸಾಹ ಯಾವುದರ ಮೇಲೆ ನಿಂತಿರುತ್ತದೆ? ನಾನು ಕಂಡುಕೊಂಡ ಮಟ್ಟಿಗೆ ಅದು ನಿಂತಿರೋದು ಖಾಲಿ ಜಾಗದ ಮೇಲೆ. ಆಲ್ಬಮ್‌ನಲ್ಲಿ ಒಂದು ಕಿಟಕಿ ಖಾಲಿ ಇದೆ, ಆದರೆ ಸ್ವಲ್ಪ ಹುಡುಕಿದರೆ ತುಂಬಬಹುದು. ಈ ಎರಡೂ ಒಟ್ಟಿಗೆ ಇರುವವರೆಗೆ ಮನಸ್ಸು ಎದ್ದು ಓಡುತ್ತಿರುತ್ತದೆ. ತುಂಬೋದು ತೀರಾ ಸುಲಭವಾದರೆ ಮಜಾ ಹೋಗುತ್ತದೆ. ತೀರಾ ಕಷ್ಟವಾದರೂ ಅಷ್ಟೇ. ಅಂದರೆ ನಿಮ್ಮ ಉತ್ಸಾಹದ ಆಯಸ್ಸು ನಿಮ್ಮ ಸ್ವಭಾವದ ಮೇಲೆ ಎಷ್ಟು ನಿಂತಿದೆಯೋ ಸಂಗ್ರಹದ ಆಕಾರದ ಮೇಲೂ ಅಷ್ಟೇ ನಿಂತಿದೆ. ಇದನ್ನು ಯಾರೂ ಶುರುವಿನಲ್ಲಿ ಹೇಳಿಕೊಡಲ್ಲ, ಅದೇ ನನಗೆ ಬೇಜಾರು.

ಇದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ಐವತ್ತು ರಾಜ್ಯಗಳ ಕ್ವಾರ್ಟರ್, ಅಂದರೆ ಕಾಲು ಡಾಲರ್ ನಾಣ್ಯಗಳು. ಈ ಯೋಜನೆ 1999ರಲ್ಲಿ ಶುರುವಾಗಿ 2008ಕ್ಕೆ ಮುಗಿಯಿತು. ವರ್ಷಕ್ಕೆ ಐದು ರಾಜ್ಯ, ಸುಮಾರು ಹತ್ತು ವಾರಕ್ಕೊಂದು ಹೊಸ ನಾಣ್ಯ. ಅದಕ್ಕೂ ಮೊದಲು ನಾಣ್ಯವನ್ನು ತಿರುಗಿಸಿ ನೋಡದವರು ಕೂಡ, ಅಂಗಡಿಯಲ್ಲಿ ಕೊಟ್ಟ ಚಿಲ್ಲರೆಯನ್ನು ಅಂಗೈ ಮೇಲೆ ಹರಡಿಕೊಂಡು ಯಾವ ರಾಜ್ಯ ಬಂತು ಅಂತ ನೋಡುವಂತಾಯಿತು. ಆ ಐವತ್ತನ್ನೂ ಒಂದೇ ದಿನ ಒಂದೇ ಪೆಟ್ಟಿಗೆಯಲ್ಲಿ ಮಾರಿದ್ದರೆ ಅದು ಒಂದು ವಾರದ ಸಂಭ್ರಮ ಆಗಿರುತ್ತಿತ್ತು ಅಷ್ಟೇ, ಅಲ್ವಾ? ಹತ್ತು ವರ್ಷ ಹಿಡಿದಿಟ್ಟಿದ್ದು ಆ ಹತ್ತು ವಾರದ ಅಂತರ. ಸಿಗುತ್ತದೆ ಅಂತ ಗೊತ್ತು, ಆದರೆ ಇವತ್ತೇ ಸಿಗಲ್ಲ.

ನಿಮ್ಮ ಹನ್ನೊಂದು ವರ್ಷವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ದೇಶಕ್ಕೊಂದು ಅನ್ನೋ ಸಂಗ್ರಹದ ಸ್ವಭಾವವೇ ವಿಚಿತ್ರ. ಮೊದಲ ನೂರು ದೇಶ ಪ್ರವಾಹದ ಹಾಗೆ ಬರುತ್ತವೆ. ಮಿಶ್ರ ನಾಣ್ಯಗಳ ಒಂದು ಚೀಲ ಕೊಂಡರೆ ನಲವತ್ತು ಕಿಟಕಿ ತುಂಬಿಬಿಡುತ್ತವೆ. ಕೊನೆಯ ಇಪ್ಪತ್ತು ಬರೋದೇ ಇಲ್ಲ. ಅವು ವ್ಯಾಟಿಕನ್, ಮೊನಾಕೋ ತರಹದ ಪುಟ್ಟ ದೇಶಗಳು, ಮಾಡಿಸೋದೇ ಕಡಿಮೆ, ಅದರಲ್ಲೂ ಹೆಚ್ಚಿನದು ಸಂಗ್ರಾಹಕರ ಕೈಗೇ ನೇರವಾಗಿ ಹೋಗುತ್ತದೆ. ಇಲ್ಲವೇ ವಿಯೆಟ್ನಾಂ ತರಹ, 2003ರಲ್ಲಿ ಹೊಸ ನಾಣ್ಯ ತಂದು, ಜನ ಒಗ್ಗಿಕೊಳ್ಳದೆ, 2011ರಲ್ಲಿ ಹೊಡೆಸೋದನ್ನೇ ನಿಲ್ಲಿಸಿದ ದೇಶಗಳು. ಈಗ ವರ್ಷಕ್ಕೆ ಒಂದೋ ಎರಡೋ ಕಿಟಕಿ ತುಂಬುತ್ತದೆ, ಅದೂ ಹರಾಜಿನಲ್ಲಿ ಹೆಚ್ಚು ದುಡ್ಡು ಕೊಟ್ಟು.

ಗುರಿ ಹತ್ತಿರ ಬಂದಷ್ಟೂ ಓಟದ ವೇಗ ಹೆಚ್ಚುತ್ತದೆ ಅಂತ ಮನಶ್ಶಾಸ್ತ್ರದಲ್ಲಿ ಒಂದು ಹಳೆಯ ಮಾತಿದೆ. ಕ್ಲಾರ್ಕ್ ಹಲ್ 1932ರಲ್ಲಿ ಬರೆದದ್ದು, ಆಹಾರದ ಹತ್ತಿರ ಬಂದ ಇಲಿಗಳು ಜೋರಾಗಿ ಓಡುತ್ತವೆ ಅಂತ. ನಿಮಗೆ ಇದು ಉಲ್ಟಾ ಹೊಡೆದಂತೆ ಕಾಣಬಹುದು, ಗುರಿ ಹತ್ತಿರ ಬಂದಾಗಲೇ ನೀವು ನಿಂತಿರಿ. ಆದರೆ ಎಣಿಕೆಯಲ್ಲಿ ಮಾತ್ರ ಅದು ಹತ್ತಿರ. ಸಮಯ ಮತ್ತು ದುಡ್ಡಿನ ಲೆಕ್ಕದಲ್ಲಿ ಕೊನೆಯ ಇಪ್ಪತ್ತು ದೇಶ ಮೊದಲಿನ ಎಲ್ಲವನ್ನೂ ಸೇರಿಸಿದಷ್ಟು ದೂರ ಇರಬಹುದು, ಮತ್ತು ನಿಮ್ಮ ಮನಸ್ಸು ಅದನ್ನು ನಿಮಗಿಂತ ಮೊದಲೇ ಲೆಕ್ಕ ಹಾಕಿದೆ.

ಇನ್ನೊಂದು ಕಾರಣವನ್ನೂ ಹೇಳಲೇಬೇಕು, ಅದು ಆ ಒಡೆಯದ ಲಕೋಟೆಗಳ ವಿಷಯ. ಬೇಕು ಅನ್ನಿಸೋದು ಬೇರೆ, ಸಿಕ್ಕಾಗ ಖುಷಿಯಾಗೋದು ಬೇರೆ. ಮಿದುಳಿನಲ್ಲೂ ಇವೆರಡರ ದಾರಿ ಪೂರ್ತಿ ಒಂದೇ ಅಲ್ಲ. ರಾತ್ರಿ ಎರಡು ಗಂಟೆಯ ಹರಾಜು ಪೂರ್ತಿ ಬೇಕು ಅನ್ನೋದರ ಕಡೆಯದ್ದು. ಗಡಿಯಾರ ಇಳಿಯುತ್ತಿರುತ್ತದೆ, ಇನ್ಯಾರೋ ಜಾಸ್ತಿ ಕೂಗುತ್ತಾರೆ, ಕೈ ತಾನಾಗಿ ಒತ್ತಿಬಿಡುತ್ತದೆ. ಗೆದ್ದ ಕ್ಷಣದಲ್ಲೇ ಆಟ ಮುಗಿಯಿತು. ಮೂರು ವಾರದ ಮೇಲೆ ಬರುವ ಲಕೋಟೆ ಆಗಲೇ ಮುಗಿದ ಆಟದ ರಸೀದಿ. ಒಡೆಯದ ಲಕೋಟೆ ಸೇರತೊಡಗಿದೆ ಅಂದರೆ, ನನ್ನ ಪ್ರಕಾರ, ಕೊನೆಯ ಕೆಲವು ತಿಂಗಳು ನೀವು ನಾಣ್ಯಕ್ಕಿಂತ ಹರಾಜನ್ನೇ ಹಚ್ಚಿಕೊಂಡಿದ್ದಿರಿ. ಇದು ತಪ್ಪು ಅಂತ ಹೇಳುತ್ತಿಲ್ಲ, ಬಹಳ ಜನರಿಗೆ ಆಗುತ್ತದೆ. ಆದರೆ "ದೊಡ್ಡದೊಂದು ನಾಣ್ಯ ಕೊಂಡರೆ ಹುಮ್ಮಸ್ಸು ವಾಪಸ್ ಬರುತ್ತದೆ" ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಹಾಗೆ ಕೊಂಡ ದುಬಾರಿ ನಾಣ್ಯಗಳು ಒಂದೆರಡು ವರ್ಷದಲ್ಲಿ ನಷ್ಟಕ್ಕೆ ಮಾರಾಟವಾಗಲು ನನ್ನ ಮೇಜಿಗೆ ಬರುತ್ತಿರುತ್ತವೆ.

ಮಧ್ಯದಲ್ಲಿ ಒಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೇಸರ ನಾಣ್ಯದ ಮೇಲೆ ಮಾತ್ರ ಬಂದಿದೆಯಾ? ಅಥವಾ ಊಟ, ಗೆಳೆಯರು, ಕೆಲಸ, ಮೊದಲು ಇಷ್ಟ ಇದ್ದ ಎಲ್ಲದರ ಮೇಲೂ ಬಂದಿದೆಯಾ? ಎರಡು ವಾರಕ್ಕಿಂತ ಹೆಚ್ಚು ಕಾಲ, ಹೆಚ್ಚುಕಡಿಮೆ ದಿನವೂ, ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಕೆಟ್ಟಿದೆ ಅಂತಾದರೆ ಅದು ಸಂಗ್ರಹದ ಸಮಸ್ಯೆ ಅಲ್ಲ. ಮೊದಲು ವೈದ್ಯರನ್ನು ಕಾಣಿ. ಅಲ್ಲಿವರೆಗೆ ಒಂದು ನಾಣ್ಯವನ್ನೂ ಮಾರಬೇಡಿ.

ಬೇಸರ ನಾಣ್ಯದ ಮೇಲೆ ಮಾತ್ರ ಅಂತಾದರೆ ಮುಂದೆ ಓದಿ.

ಉತ್ಸಾಹ ಉಳಿಸಿಕೊಂಡವರು ಏನು ಮಾಡಿದರು ಅಂತ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಅವರು ಹುಡುಕಾಟವನ್ನು ಬದಲಾಯಿಸಿಕೊಂಡರು. ನ್ಯೂಮನ್ ಅವರ ಬಳಿ ಒಂದು ಕಾಲದಲ್ಲಿ 1913ರ ಲಿಬರ್ಟಿ ನಿಕಲ್ ಅನ್ನೋ ಐದು ಸೆಂಟ್ ನಾಣ್ಯಗಳು ಐದಕ್ಕೆ ಐದೂ ಇದ್ದವು. ಜಗತ್ತಿನಲ್ಲಿ ಗೊತ್ತಿರೋದೇ ಐದು. ಅವನ್ನು ಮಾರಿದರು, ಆಮೇಲೂ ದಶಕಗಟ್ಟಲೆ ಉತ್ಸಾಹದಿಂದ ಇದ್ದರು, ಯಾಕೆಂದರೆ ಅಷ್ಟು ಹೊತ್ತಿಗೆ ಅವರ ಹುಡುಕಾಟ ಸಂಶೋಧನೆಯ ಕಡೆ ತಿರುಗಿತ್ತು. ಯಾವುದು ಅಸಲಿ, ಯಾವುದು ನಕಲಿ, ಯಾರು ಎಲ್ಲಿ ಅಚ್ಚು ಮಾಡಿಸಿದರು ಅಂತ ಬರೆಯುತ್ತಾ ಹೋದರು. ಇಟಲಿಯ ಆ ದೊರೆಯೂ ತಮ್ಮ ದೇಶದ ನಾಣ್ಯಗಳ ಮೇಲೆ 1910ರಿಂದ 1943ರವರೆಗೆ ಇಪ್ಪತ್ತು ಸಂಪುಟಗಳ ಪಟ್ಟಿಯನ್ನೇ ಹೊರತಂದರು. ಇನ್ನು ಬ್ಯಾಂಕರ್ ಲೂಯಿಸ್ ಎಲಿಯಾಸ್‌ಬರ್ಗ್. ಅಮೆರಿಕದ ನಾಣ್ಯಗಳಲ್ಲಿ ಆಗ ಗೊತ್ತಿದ್ದ ಪ್ರತಿ ವರ್ಷದ, ಪ್ರತಿ ಟಂಕಸಾಲೆಯ ಒಂದೊಂದನ್ನು ಕೂಡಿಸುತ್ತಾ ಬಂದು, 1950ರಲ್ಲಿ ಕೊನೆಯ ಖಾಲಿ ಜಾಗವನ್ನೂ ತುಂಬಿದರು. ಅದು ಕಾರ್ಸನ್ ಸಿಟಿ ಟಂಕಸಾಲೆಯ 1873ರ, ಬಾಣದ ಗುರುತಿಲ್ಲದ ಡೈಮ್, ಅಂದರೆ ಹತ್ತು ಸೆಂಟ್ ನಾಣ್ಯ. ಅಂಥದ್ದು ಗೊತ್ತಿರೋದು ಒಂದೇ. ಮುಂದೆ ಹುಡುಕಲು ಏನೂ ಉಳಿಯಲಿಲ್ಲ. ಅವರು ಏನು ಮಾಡಿದರು? ಜನರಿಗೆ ತೋರಿಸಲು ಶುರು ಮಾಡಿದರು. ಆ ಸಂಗ್ರಹ ಪ್ರದರ್ಶನಗಳಿಗೆ ಹೋಯಿತು, ಪತ್ರಿಕೆಗಳಲ್ಲಿ ಬಂತು, ನೋಡಿದವರಿಂದ ರಾಶಿ ರಾಶಿ ಪತ್ರ ಬಂದವು. ಅವರ ಖುಷಿ ಹಾಗೆ ಬೇರೆ ದಾರಿ ಹಿಡಿಯಿತು.

ಇವರೆಲ್ಲ ದುಡ್ಡಿದ್ದವರು, ನಮಗೆಲ್ಲಿ ಸಾಧ್ಯ ಅಂತ ಅನ್ನಿಸಬಹುದು. ಹುಡುಕಾಟ ಬದಲಾಯಿಸೋಕೆ ದುಡ್ಡು ಬೇಡ. ನಿಮ್ಮ ಹತ್ತಿರ ಒಂದೇ ದೇಶದ, ಒಂದೇ ವರ್ಷದ, ಒಂದೇ ಮುಖಬೆಲೆಯ ನಾಣ್ಯಗಳು ನಾಲ್ಕೈದು ಇದ್ದೇ ಇರುತ್ತವೆ, ಮಿಶ್ರ ಚೀಲದಲ್ಲಿ ಬಂದು ಮೂಲೆಗೆ ಬಿದ್ದವು. ಅವನ್ನು ತೆಗೆದುಕೊಳ್ಳಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ಬೆಳಕು ಒಂದು ಪಕ್ಕದಿಂದ ಮಾತ್ರ ಬೀಳಲಿ. ನಾಣ್ಯವನ್ನು ಅಂಚಿನಲ್ಲಿ ಹಿಡಿದು, ನಿಧಾನಕ್ಕೆ ಓರೆ ಮಾಡುತ್ತಾ, ಅಕ್ಷರಗಳ ಉದ್ದಕ್ಕೂ ಒಂದು ಸುತ್ತು ಬನ್ನಿ. ಕೆಲವದರಲ್ಲಿ ಅಂಚಿನಿಂದ ಹೊರಟು ಒಂದು ಅಕ್ಷರದ ಕಾಲನ್ನು ಮುಟ್ಟಿ ನಿಲ್ಲುವ ಸಣ್ಣ ಗೆರೆ ಕಾಣುತ್ತದೆ. ಗೀರಾಗಿದ್ದರೆ ಅದು ಒಳಕ್ಕೆ ಇಳಿದಿರಬೇಕು. ಇದು ಮೇಲಕ್ಕೆ ಉಬ್ಬಿರುತ್ತದೆ. ಬಿರುಕು ಬಿಟ್ಟಿದ್ದು ಆ ನಾಣ್ಯವನ್ನು ಹೊಡೆದ ಅಚ್ಚು. ಏಟಿನ ಮೇಲೆ ಏಟು ತಿಂದು ಉಕ್ಕಿನ ಅಚ್ಚು ಸೀಳು ಬಿಟ್ಟಿದೆ, ಒತ್ತಡಕ್ಕೆ ಸಿಕ್ಕ ಲೋಹ ಆ ಸೀಳಿನ ಒಳಗೂ ನುಗ್ಗಿ ಅಲ್ಲೇ ಗೆರೆಯಾಗಿ ನಿಂತಿದೆ. ಈಗ ಎರಡನೇ ನಾಣ್ಯ ನೋಡಿ. ಅದೇ ಜಾಗದಲ್ಲಿ ಅದೇ ಗೆರೆ ಇದೆ, ಆದರೆ ಆ ಅಕ್ಷರವನ್ನು ದಾಟಿ ಮುಂದಿನ ಅಕ್ಷರದವರೆಗೂ ಹೋಗಿದೆ. ಹಾಗಿದ್ದರೆ ಎರಡೂ ಒಂದೇ ಅಚ್ಚಿನವು, ಮತ್ತು ಎರಡನೆಯದು ಮೊದಲನೆಯದಾದ ಮೇಲೆ ಹೊಡೆದದ್ದು. ಯಾವ ಬರಹದಲ್ಲೂ ಇಲ್ಲದ ಒಂದು ಸಂಗತಿಯನ್ನು ನೀವು ನಿಮ್ಮ ಮೇಜಿನ ಮೇಲೆ ಕಂಡುಹಿಡಿದಿರಿ. ಎಲ್ಲರಿಗೂ ಮೊದಲ ದಿನವೇ ಸಿಗಲ್ಲ, ಆದರೆ ಸಿಕ್ಕ ದಿನ ರಾತ್ರಿ ನಿದ್ದೆ ಬರಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ.

ಅಚ್ಚು ನಿಮಗೆ ಹಿಡಿಸದೆ ಇರಬಹುದು. ನಿಮ್ಮ ಸಂಗ್ರಹದಲ್ಲೇ ಇರುವ ಒಂದು ದೇಶವನ್ನು ಹಿಡಿದು ಅದರ ಆಳಕ್ಕೆ ಹೋಗಬಹುದು. ಈಗ ಇಲ್ಲದ ದೇಶಗಳ ನಾಣ್ಯ ಮಾತ್ರ ಅಂತ ಇಟ್ಟುಕೊಳ್ಳಬಹುದು, ಯುಗೊಸ್ಲಾವಿಯಾ, ಪೂರ್ವ ಜರ್ಮನಿ ತರಹದವು. ಹಡಗು, ಹಕ್ಕಿ, ಬೆಳೆ ಅಂತ ಚಿತ್ರ ಹಿಡಿದು ಹೋಗಬಹುದು. 2002ರಲ್ಲಿ ಯೂರೋ ನಾಣ್ಯ ಬಂದಾಗ ಮಾಯವಾದ ಫ್ರಾಂಕ್, ಮಾರ್ಕ್, ಲಿರಾಗಳ ಕೊನೆಯ ವರ್ಷಗಳನ್ನು ಮಾತ್ರ ನೋಡಬಹುದು. ಇವುಗಳಲ್ಲಿ ಯಾವುದಾದರೂ ಆಗಲಿ, ಖಾಲಿ ಕಿಟಕಿಗಳು ಮತ್ತೆ ಕೈಗೆ ಎಟುಕುವ ದೂರಕ್ಕೆ ಬರಬೇಕು, ಅದೇ ಮುಖ್ಯ.

ಈಗ ನಿಮ್ಮ ಮೂರು ದಾರಿಗಳು.

ಕಾಯೋದು. ನಾನು ಮೊದಲು ಸೂಚಿಸೋದು ಇದನ್ನೇ. ಒಂದು ವರ್ಷ ಕೊಳ್ಳೋದೂ ಬೇಡ, ಮಾರೋದೂ ಬೇಡ. ಹರಾಜಿನ ಆ್ಯಪ್‌ಗಳನ್ನು ಫೋನಿನಿಂದ ತೆಗೆದುಹಾಕಿ. ಕಾಯೋದರಲ್ಲಿ ಮನಸ್ಸಿಗೆ ಅಪಾಯವಿಲ್ಲ, ಅಪಾಯ ಇರೋದು ನಾಣ್ಯಕ್ಕೆ. ನೀವು ನೋಡದ ಆ ಒಂದೂವರೆ ವರ್ಷದಲ್ಲಿ ಆಲ್ಬಮ್ ತನ್ನ ಕೆಲಸ ಮಾಡಿದೆ. ಪುಟಗಳು ಮೆತ್ತಗಿದ್ದು, ತೆರೆದಾಗ ಹೊಸ ರೇನ್‌ಕೋಟಿನ ವಾಸನೆ ಬಂದರೆ ಅದು ಪಿವಿಸಿ ಪ್ಲಾಸ್ಟಿಕ್. ಅದನ್ನು ಮೆತ್ತಗೆ ಮಾಡಲು ಬೆರೆಸಿದ ಎಣ್ಣೆಯಂಥ ವಸ್ತು ಹೊರಗೆ ಜಿನುಗುತ್ತದೆ, ಪ್ಲಾಸ್ಟಿಕ್ ಹಳತಾದಂತೆ ಆಮ್ಲವೂ ಹೊರಬರುತ್ತದೆ, ಅದು ತಾಮ್ರ ಇರುವ ಲೋಹವನ್ನು ತಿಂದು ಹಸಿರು ಅಂಟಾಗುತ್ತದೆ. ಅಂಟಾಗಿ, ಹೊಳಪಾಗಿ ಇದ್ದರೆ ಇದೇ. ಶುದ್ಧ ಅಸಿಟೋನ್‌ನಲ್ಲಿ ಬಿಡುತ್ತದೆ. ಉಗುರಿನ ಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಬೇರೆ ಏನೇನೋ ಬೆರೆತಿರುತ್ತದೆ. ಗಾಜಿನ ಬಟ್ಟಲಲ್ಲಿ ನಾಣ್ಯ ಮುಳುಗುವಷ್ಟು ಹಾಕಿ ಸ್ವಲ್ಪ ಹೊತ್ತು ಬಿಡಿ. ತೆಗೆದು ಹೊಸ ಅಸಿಟೋನ್‌ನಲ್ಲಿ ಮತ್ತೊಮ್ಮೆ ಅದ್ದಿ, ತಾನಾಗಿ ಆರಲು ಬಿಡಿ. ಉಜ್ಜಬೇಡಿ. ಕಿಟಕಿ ತೆರೆದಿರಲಿ, ಬೆಂಕಿ ಹತ್ತಿರದಲ್ಲೆಲ್ಲೂ ಇರಬಾರದು, ಮಕ್ಕಳು ದೂರ ಇರಲಿ. ಬಣ್ಣ ಹಚ್ಚಿದ ಸ್ಮಾರಕ ನಾಣ್ಯಗಳಿಗೆ ಇದನ್ನು ಮಾಡಬೇಡಿ, ಬಣ್ಣವೇ ಹೋಗುತ್ತದೆ. ಅಂಟಿನ ಕೆಳಗೆ ಲೋಹ ಆಗಲೇ ಗುಳಿ ಬಿದ್ದಿದ್ದರೆ ಅದು ವಾಪಸ್ ಬರಲ್ಲ.

ಅಂಟಾಗಿರದೆ ತಿಳಿ ಹಸಿರು ಪುಡಿ ಉದುರುತ್ತಿದ್ದರೆ, ಅದೂ ಹಳೆಯ ತಾಮ್ರ ಅಥವಾ ಕಂಚಿನ ಮೇಲೆ, ಆಗ ಬೇರೆ ರೋಗ. ಲೋಹದ ಒಳಗೆ ಸೇರಿದ ಕ್ಲೋರೈಡ್ ತೇವ ಸಿಕ್ಕಾಗಲೆಲ್ಲ ಮತ್ತೆ ಮತ್ತೆ ಕೆರಳುತ್ತದೆ. ಆ ನಾಣ್ಯವನ್ನು ಒಣಗಿದ ಜಾಗದಲ್ಲಿ ಒಂಟಿಯಾಗಿ ಇಟ್ಟು, ತಿಳಿದವರ ಕೈಗೆ ಕೊಡಿ. ಉಳಿದವನ್ನು ಪಿವಿಸಿ ಅಲ್ಲದ ಮೈಲಾರ್ ಅಥವಾ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಹೋಲ್ಡರ್‌ಗಳಿಗೆ ಬದಲಾಯಿಸಿ, ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಿ. ರಬ್ಬರ್ ಬ್ಯಾಂಡ್ ಸುತ್ತಿಟ್ಟಿದ್ದರೆ ತೆಗೆಯಿರಿ, ಅದರ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಕಾಯೋ ವರ್ಷದಲ್ಲಿ ಆರು ತಿಂಗಳಿಗೊಮ್ಮೆ ತೆರೆದು ನೋಡಿದರೆ ಸಾಕು. ಈ ಬದಲಾಯಿಸುವ ಕೆಲಸದ ಮಧ್ಯೆಯೇ ಎಷ್ಟೋ ಜನ ಯಾವುದೋ ಒಂದು ನಾಣ್ಯವನ್ನು ಕೆಳಗಿಡಲಾರದೆ ಕೂತುಬಿಟ್ಟಿದ್ದನ್ನು ಕಂಡಿದ್ದೇನೆ. ನಿಮಗೂ ಆದರೆ ಅದು ಯಾವ ನಾಣ್ಯ ಅಂತ ಬರೆದಿಟ್ಟುಕೊಳ್ಳಿ. ನಿಮ್ಮ ಮುಂದಿನ ಹುಡುಕಾಟಕ್ಕೆ ಅದಕ್ಕಿಂತ ಒಳ್ಳೆಯ ಸುಳಿವು ಸಿಗಲ್ಲ.

ಮಾರೋದು. ಮಾರಬಾರದು ಅಂತಿಲ್ಲ. ಒಂದು ವರ್ಷ ಕಳೆದ ಮೇಲೂ ಏನೂ ಅನ್ನಿಸದಿದ್ದರೆ ಮಾರೋದೇ ಸರಿ. ಆದರೆ ಗೆಳೆಯರು ಹೇಳಿದ "ಬೆಲೆ ಇದ್ದಾಗ" ಅನ್ನೋ ಮಾತಿಗೆ ಮರುಳಾಗಬೇಡಿ. ದೇಶಕ್ಕೊಂದು ಸಂಗ್ರಹದಲ್ಲಿ ಬಹುಪಾಲು ಸಾಮಾನ್ಯ ಆಧುನಿಕ ನಾಣ್ಯಗಳು. ವ್ಯಾಪಾರಿಗಳು ಅಂಥವನ್ನು ತೂಕಕ್ಕೆ ಕೊಳ್ಳುತ್ತಾರೆ, ಅವಕ್ಕೆ ಅವಸರದ ಬೆಲೆ ಅಂತ ಒಂದಿಲ್ಲ. ನಮ್ಮ ಕೈಯಲ್ಲಿರೋದಕ್ಕೆ ನಾವು ಜಾಸ್ತಿ ಬೆಲೆ ಕಟ್ಟುತ್ತೇವೆ ಅನ್ನೋದೂ ನೆನಪಿರಲಿ. ಕಾನ್ಮನ್, ನೆಟ್ಷ್ ಮತ್ತು ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸುಮ್ನೆ ಒಂದು ಕಾಫಿ ಮಗ್ ಕೈಗೆ ಕೊಟ್ಟಿದ್ದಷ್ಟಕ್ಕೇ ಜನ ಅದಕ್ಕೆ ಕೊಳ್ಳುವವರು ಹೇಳಿದ್ದರ ಎರಡು ಪಟ್ಟಿನಷ್ಟು ಬೆಲೆ ಕೇಳಿದರು. ಹನ್ನೊಂದು ವರ್ಷ ಜೋಪಾನ ಮಾಡಿದ ನಾಣ್ಯಕ್ಕೆ ನೀವು ಮನಸ್ಸಿನಲ್ಲಿ ಎಷ್ಟು ಕಟ್ಟಿರಬಹುದು ಯೋಚಿಸಿ. ಮೊದಲ ವ್ಯಾಪಾರಿ ಹೇಳಿದ ಬೆಲೆ ಕೇಳಿ ಕಣ್ಣಲ್ಲಿ ನೀರು ತಂದುಕೊಂಡವರನ್ನು ನೋಡಿದ್ದೇನೆ. ಆ ವ್ಯಾಪಾರಿ ಮೋಸ ಮಾಡಿರಲೇಬೇಕು ಅಂತೇನಿಲ್ಲ.

ಆದ್ದರಿಂದ ಇಡೀ ರಾಶಿಯನ್ನು ಯಾರ ಮುಂದೆಯೂ ಸುರಿಯಬೇಡಿ. ಮೊದಲು ಬೆಳ್ಳಿ ಬೇರೆ ಮಾಡಿ. ಬಹಳಷ್ಟು ದೇಶಗಳ ದಿನಬಳಕೆಯ ನಾಣ್ಯಗಳಲ್ಲಿ 1960ರ ದಶಕದವರೆಗೂ ಬೆಳ್ಳಿ ಇತ್ತು. ಅಮೆರಿಕದ ಡೈಮ್, ಕ್ವಾರ್ಟರ್, ಅರ್ಧ ಡಾಲರ್ 1964ರವರೆಗೆ ನೂರಕ್ಕೆ ತೊಂಬತ್ತು ಬೆಳ್ಳಿ. ಸ್ವಿಟ್ಜರ್ಲೆಂಡಿನ ಅರ್ಧ, ಒಂದು, ಎರಡು ಫ್ರಾಂಕ್ 1967ರವರೆಗೆ ಬೆಳ್ಳಿಯವು. ಬ್ರಿಟನ್ನಿನ ಬೆಳ್ಳಿ ಬಣ್ಣದ ನಾಣ್ಯಗಳು 1920ರಿಂದ 1946ರವರೆಗೆ ಅರ್ಧದಷ್ಟು ಬೆಳ್ಳಿ. ಆಮೇಲೆ ಪುಟ್ಟ ದೇಶಗಳವು, ಕಡಿಮೆ ಸಂಖ್ಯೆಯಲ್ಲಿ ಹೊಡೆದವು, ಬಳಕೆಯಾಗದೆ ಹೊಳಪು ಉಳಿದವು, ಇವನ್ನು ಒಂದೊಂದಾಗಿ ತೋರಿಸಿ. ಹರಾಜಿಗೆ ಕೊಟ್ಟರೆ ಮಾರುವವರಿಂದ ಕಮಿಷನ್, ಕೊಳ್ಳುವವರಿಂದ ಮೇಲೊಂದಿಷ್ಟು ಅಂತ ಎರಡೂ ಕಡೆ ಕಳೆಯುತ್ತಾರೆ, ಸಹಿ ಹಾಕುವ ಮೊದಲು ಲೆಕ್ಕ ಕೇಳಿ. ಚೆನ್ನಾಗಿ ಕಾಣಲಿ ಅಂತ ಪಾಲಿಶ್ ಮಾಡಿದರೆ ಇದ್ದ ಬೆಲೆಯೂ ಹೋಗುತ್ತದೆ. ನಾಣ್ಯವನ್ನು ತಿರುಗಿಸಿದಾಗ ಬೆಳಕು ಚಕ್ರದ ಅರಗಳಂತೆ ಸುತ್ತುವ ಆ ಹೊಳಪು ಲೋಹದ ಮೇಲ್ಪದರದಲ್ಲೇ ಇರೋದು, ಉಜ್ಜಿದರೆ ಮುಗಿಯಿತು. ತುಂಬಾ ಪ್ರಾಚೀನ ನಾಣ್ಯ ಇದ್ದರೆ ಮಾರುವ, ಗಡಿ ದಾಟಿಸುವ ವಿಷಯದಲ್ಲಿ ದೇಶದಿಂದ ದೇಶಕ್ಕೆ ಕಾನೂನು ಬೇರೆ, ಕೇಳಿ ತಿಳಿದುಕೊಳ್ಳದೆ ಮುಂದುವರಿಯಬೇಡಿ. ಮತ್ತು ಏನೇ ಮಾರಿದರೂ ಇಪ್ಪತ್ತೋ ಮೂವತ್ತೋ ನಾಣ್ಯ ಉಳಿಸಿಕೊಳ್ಳಿ. ಬೆಲೆ ನೋಡಿ ಆರಿಸಬೇಡಿ, ಸಿಕ್ಕ ದಿನ ನೆನಪಿರುವಂಥವನ್ನು ಆರಿಸಿ. ಎಲ್ಲವನ್ನೂ ಒಂದೇ ಸಲ ಮಾರಿ, ನಾಲ್ಕು ವರ್ಷದ ಮೇಲೆ ಅದೇ ನಾಣ್ಯಗಳನ್ನು ಹೆಚ್ಚು ಬೆಲೆಗೆ ಹುಡುಕಿಕೊಂಡು ಬರುವವರನ್ನು ನಾನು ಆಗಾಗ ನೋಡುತ್ತೇನೆ.

ಮಕ್ಕಳಿಗೆ ಕೊಡೋದು. ಇದರಲ್ಲಿ ನನಗೆ ಸ್ವಲ್ಪ ಹಿಂಜರಿಕೆ ಇದೆ. ತುಂಬಿದ ಆಲ್ಬಮ್ ಮಗುವಿಗೆ ಕೊಟ್ಟರೆ ಅದರಲ್ಲಿ ಮಗುವಿಗೆ ಮಾಡೋಕೆ ಏನೂ ಇರಲ್ಲ, ಹುಡುಕಾಟವನ್ನೆಲ್ಲ ನೀವೇ ಮುಗಿಸಿದ್ದೀರಿ. ಮೇಲೆ ಹೇಳಿದ ಖಾಲಿ ಕಿಟಕಿಯ ಮಾತು ಇಲ್ಲಿಗೂ ಅನ್ವಯಿಸುತ್ತದೆ. ಒಂದು ಖಾಲಿ ಆಲ್ಬಮ್ ಕೊಡಿ, ಜೊತೆಗೆ ನಿಮ್ಮಲ್ಲಿ ಎರಡೆರಡು ಇರುವ ನಾಣ್ಯಗಳ ಡಬ್ಬಿ ಕೊಡಿ, ಆರಿಸೋದು ಅವರಿಗೇ ಬಿಡಿ. ಒಂದೊಂದಕ್ಕೂ ಕಥೆ ಹೇಳಿ. 1354ರಲ್ಲಿ ಕವಿ ಪೆಟ್ರಾರ್ಕ್ ತನ್ನ ಸಂಗ್ರಹದ ರೋಮನ್ ನಾಣ್ಯಗಳಲ್ಲಿ ಕೆಲವನ್ನು ನಾಲ್ಕನೇ ಚಾರ್ಲ್ಸ್ ದೊರೆಗೆ ಕೊಟ್ಟಾಗ ಬರೀ ನಾಣ್ಯ ಕೊಡಲಿಲ್ಲ, ಅದರ ಮೇಲಿನ ಚಕ್ರವರ್ತಿಗಳು ಯಾರು, ಹೇಗೆ ಬಾಳಿದರು ಅಂತ ವಿವರಿಸಿ ಕೊಟ್ಟ. ಮಕ್ಕಳಿಗೆ ಆಸಕ್ತಿ ಬರದಿದ್ದರೆ ಬಿಟ್ಟುಬಿಡಿ, ಒತ್ತಾಯ ಮಾಡಿದರೆ ನಾಣ್ಯದ ಮೇಲೆ ಮಾತ್ರವಲ್ಲ, ನಿಮ್ಮ ಮೇಲೂ ಬೇಜಾರು ಬರುತ್ತದೆ.

ಕಾಯಿರಿ, ಮಾರಿ, ಕೊಡಿ, ಏನೇ ಮಾಡಿದರೂ ಒಂದು ಪಟ್ಟಿ ಮಾತ್ರ ಈಗಲೇ ಬೇಕು. ಬಿಯರ್ ತಯಾರಿಕೆಯ ಉದ್ಯಮಿ ವರ್ಜಿಲ್ ಬ್ರ್ಯಾಂಡ್ 1926ರಲ್ಲಿ ತೀರಿಕೊಂಡಾಗ ಅವರ ಬಳಿ ಮೂರು ಲಕ್ಷಕ್ಕೂ ಹೆಚ್ಚು ನಾಣ್ಯಗಳಿದ್ದವು. ಕೊಂಡಿದ್ದನ್ನು ಲೆಡ್ಜರ್‌ಗಳಲ್ಲಿ ಬರೆದಿಟ್ಟಿದ್ದರು. ಅಷ್ಟಾದರೂ ಆ ಸಂಗ್ರಹ ಚದುರಿ ಮಾರಾಟವಾಗಲು ದಶಕಗಳೇ ಹಿಡಿದವು. ಏನೂ ಬರೆದಿಡದವರ ಮನೆಯಲ್ಲಿ ಆಗೋದನ್ನು ನಾನು ಕೆಲಸದ ನಿಮಿತ್ತ ನೋಡುತ್ತಿರುತ್ತೇನೆ. ಮನೆಯವರಿಗೆ ಯಾವುದು ಬೆಳ್ಳಿ, ಯಾವುದು ನಿಕಲ್ ಅಂತಲೂ ಗೊತ್ತಿರಲ್ಲ, ಮೊದಲು ಬಾಗಿಲು ತಟ್ಟಿದವರಿಗೆ ಪೂರ್ತಿ ಕೊಟ್ಟುಬಿಡುತ್ತಾರೆ. ಒಂದು ನೋಟ್‌ಬುಕ್ ಸಾಕು. ದೇಶ, ವರ್ಷ, ಮುಖಬೆಲೆ, ಎಲ್ಲಿಂದ ಬಂತು, ಎಷ್ಟು ಕೊಟ್ಟಿರಿ, ಯಾರ ಹತ್ತಿರ ಕೇಳಿದರೆ ನ್ಯಾಯವಾದ ಬೆಲೆ ಹೇಳುತ್ತಾರೆ. ಹಳೆಯ ಸಂಗ್ರಾಹಕರ ಕೈಬರಹದ ಚೀಟಿಗಳು ನಾಣ್ಯದ ಜೊತೆ ಬಂದಿದ್ದರೆ ಎಸೆಯಬೇಡಿ, ಅವು ಬೆಲೆಯನ್ನೂ ಹೆಚ್ಚಿಸುತ್ತವೆ. ಪಟ್ಟಿ ಮುಗಿದ ಮೇಲೆ ಕೊನೆಯ ಪುಟದಲ್ಲಿ ಇವತ್ತಿನ ತಾರೀಖು ಹಾಕಿ, ಮುಂದಿನ ವರ್ಷ ಇದೇ ತಾರೀಖಿಗೆ ಮಾರುವ ಮಾತು ಮತ್ತೆ ಎತ್ತಿಕೊಳ್ಳಿ. ಆಗಲೂ ಅನುಮಾನ ಇದ್ದರೆ ಪಟ್ಟಿ ಸಮೇತ ಬರೆಯಿರಿ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬಹುದು ಅಂತ ಒಂದೊಂದಾಗಿ ನೋಡಿ ಹೇಳುತ್ತೇನೆ.